ಪದ ಪರಿಚಯ: ಸಮುದಾಯ ಸಹಭಾಗಿತ್ವ

'ಸಹಭಾಗಿತ್ವ' ಎಂಬ ಪದ ನಮ್ಮ ಕಣ್ಣಿಗೆ ಹೆಚ್ಚಾಗಿ ಬೀಳುವುದು ಬ್ಯಾನರಿನ ಮೇಲೆ. 'ಇವರ ಸಹಭಾಗಿತ್ವದಲ್ಲಿ' ಎಂದು ಬರೆದು ಕೆಳಗೆ ನಾಲ್ಕಾರು ಲಾಂಛನ ಸಾಲಾಗಿ ಕೂರಿಸಿದರೆ ಮುಗಿಯಿತು, ಯಾರು ಏನು ಮಾಡಿದರು ಎಂದು ಮತ್ತೆ ಯಾರೂ ಕೇಳುವುದಿಲ್ಲ. ಪದವನ್ನು ಬಿಡಿಸಿದರೆ ಮಾತ್ರ ಅದರ ಬಿಗಿ ಗೊತ್ತಾಗುತ್ತದೆ. ಸಹ, ಭಾಗಿ, ತ್ವ. ಭಾಗಿ ಎಂದರೆ ಭಾಗ ಉಳ್ಳವರು. ಸಹಾಯ ಮಾಡುವವರಿಗೆ ಭಾಗ ಬೇಕಿಲ್ಲ. ಕೊಟ್ಟು ಮನೆಗೆ ಹೋಗಬಹುದು. ಸಹಭಾಗಿ ಎನಿಸಿಕೊಳ್ಳಬೇಕಾದರೆ ಕೆಲಸದಲ್ಲಿ, ಖರ್ಚಿನಲ್ಲಿ, ತೀರ್ಮಾನದಲ್ಲಿ, ಎಡವಟ್ಟಾದಾಗ ತಿನ್ನುವ ಬೈಗುಳದಲ್ಲೂ ಒಂದು ಪಾಲು ಇರಬೇಕು.

ಪಾಲು ಅಂದಾಗ ಒಂದು ಮಾತು ನೆನಪಾಗುತ್ತದೆ. ಹಳಗನ್ನಡದಲ್ಲಿ 'ಪಾಲ್' ಎಂದರೆ ಹಂಚಿಕೆಯ ಭಾಗವೂ ಹೌದು, ಈಗ ನಾವು ಹಾಲು ಎನ್ನುವುದೂ ಹೌದು. ಸಂಸ್ಕೃತದಿಂದ ಬಂದ 'ಪಾಲನೆ'ಗೂ ಈ ಎರಡಕ್ಕೂ ಬೇರಿನ ಸಂಬಂಧವಿಲ್ಲ, ಕಿವಿಗೆ ಮಾತ್ರ ನಂಟು. ಆದರೂ ಹಂಚಿಕೆ, ಹಾಲು, ಮಗುವಿನ ಪಾಲನೆ ಮೂರೂ ಒಂದೇ ದನಿಯ ಸುತ್ತ ಬಂದು ಕೂತಿರುವುದು ಈ ಬರಹಕ್ಕೆ ಅನುಕೂಲವೇ ಆಯಿತು. ಏಕೆಂದರೆ ಸಮುದಾಯ ಸಹಭಾಗಿತ್ವ ಎಂಬ ವಿಶಾಲ ಪದದ ಒಂದು ಮೂಲೆಯನ್ನಷ್ಟೇ ಇಲ್ಲಿ ನೋಡುತ್ತಿದ್ದೇವೆ: ಒಂದು ಪ್ರದೇಶದ ಶಾಲೆ, ಆರೋಗ್ಯ ಕೇಂದ್ರ, ಅಂಗಡಿ, ಪ್ರಾರ್ಥನಾ ಮಂದಿರ, ಸ್ವಯಂಸೇವಾ ಸಂಸ್ಥೆ, ಸ್ಥಳೀಯ ಆಡಳಿತ ಮತ್ತು ಅಲ್ಲಿನ ಕುಟುಂಬಗಳೇ ಸೇರಿಕೊಂಡು, ಮನೆಗಳಿಗೆ ಆಹಾರ ಸಿಗುವ ಹಾಗೆ, ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಜನ ಮತ್ತು ಜಾಗ ಸಿಗುವ ಹಾಗೆ ಮಾಡಿಕೊಳ್ಳುವ ಏರ್ಪಾಡು.

ಆಹಾರ, ಶಿಶುಪಾಲನೆ ಎಂಬ ಈ ಎರಡನ್ನು ಒಟ್ಟಿಗೆ ಯಾಕೆ ಹೇಳುತ್ತಾರೆ? ಉತ್ತರದ ಒಂದು ತುಣುಕು, ಶಿಶುಪಾಲನಾ ಕೇಂದ್ರಕ್ಕೆ ಹೇಳುವ 'ಕ್ರೆಶ್' ಎಂಬ ಪದದಲ್ಲೇ ಇದೆ. ಫ್ರೆಂಚಿನಲ್ಲಿ ಅದಕ್ಕೆ ಗೋದಲಿ ಎಂದರ್ಥ, ದನಕ್ಕೆ ಮೇವು ಹಾಕುವ ತೊಟ್ಟಿ. ಯೇಸುವಿನ ಕಥೆಯಲ್ಲಿ ಹಸುಗೂಸನ್ನು ಮಲಗಿಸಿದ್ದು ಅಲ್ಲೇ. ಫಿರ್ಮಿನ್ ಮಾರ್ಬೋ ಎಂಬವರು 1844ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ, ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ ಹಗಲುಹೊತ್ತಿನ ಮನೆಯೊಂದನ್ನು ತೆರೆದಾಗ ಅದಕ್ಕೆ ಇಟ್ಟ ಹೆಸರು ಕ್ರೆಶ್. ಮೇವಿನ ತೊಟ್ಟಿಯೇ ತೊಟ್ಟಿಲೂ ಆದ ಪದ ಅದು. ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಗದೆ ಅಂಥ ಮನೆ ನಡೆಯುವಂತೆಯೇ ಇರಲಿಲ್ಲ. ಕೂಸನ್ನು ನೋಡಿಕೊಳ್ಳುವುದು, ಕೂಸಿಗೆ ಉಣಿಸುವುದು ಬೇರೆಬೇರೆ ಕಚೇರಿಗಳ ಬೇರೆಬೇರೆ ಯೋಜನೆಗಳಾದದ್ದು ಆಮೇಲೆ.

ಉತ್ತರದ ಇನ್ನೊಂದು ತುಣುಕು ಗಡಿಯಾರದಲ್ಲಿದೆ. ಒಬ್ಬ ತಾಯಿಯ ಕೆಲಸ ಬಿಡುವುದು ಸಂಜೆ ಆರಕ್ಕೆ ಎಂದುಕೊಳ್ಳಿ. ಶಿಶುಪಾಲನಾ ಕೇಂದ್ರದ ಬಾಗಿಲು ಐದೂವರೆಗೇ ಹಾಕುತ್ತದೆ. ಆಹಾರದ ಚೀಲ ಹಂಚುವುದು ಬುಧವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ, ಊರಿನ ಇನ್ನೊಂದು ತುದಿಯಲ್ಲಿ. ಚೀಲ ಬೇಕೆಂದರೆ ಅರ್ಧ ದಿನದ ಸಂಬಳ ಬಿಡಬೇಕು. ಸಂಬಳ ಬೇಕೆಂದರೆ ಮಗುವನ್ನು ಐದೂವರೆಗೆ ಕರೆತರಲು ಯಾರನ್ನಾದರೂ ಗೊತ್ತು ಮಾಡಬೇಕು, ಅವರಿಗೂ ಏನಾದರೂ ಕೊಡಬೇಕು. ಅದು ಹೋಗುವುದು ಆಹಾರದ ದುಡ್ಡಿನಿಂದಲೇ. ಇಲ್ಲಿ ಆಹಾರವೂ ಇದೆ, ಕೇಂದ್ರವೂ ಇದೆ. ಎರಡೂ ಸೇವೆಗಳ ವರದಿ ನೋಡಿದರೆ ಎಲ್ಲ ಸರಿಯಾಗಿಯೇ ನಡೆಯುತ್ತಿದೆ. ನಡುವೆ ಸಿಕ್ಕಿಕೊಂಡವಳು ಮಾತ್ರ ಆ ತಾಯಿ.

ಕಡತದ ಕನ್ನಡದಲ್ಲಿ ಇದಕ್ಕೆ 'ಲಭ್ಯತೆ' ಎನ್ನುತ್ತಾರೆ. ನನಗೆ ಆ ಪದ ಸಾಲದು ಅನ್ನಿಸುತ್ತದೆ. ಲಭ್ಯ ಎಂದರೆ ಎಲ್ಲೋ ಇದೆ ಎಂದಷ್ಟೇ ಆಯಿತು. ಅಟ್ಟದ ಮೇಲಿನ ಡಬ್ಬಿಯೂ ಲಭ್ಯವೇ; ಕೈಗೆ ಎಟುಕುತ್ತದೆಯೇ ಎಂಬುದು ಪ್ರಶ್ನೆ. 1996ರಲ್ಲಿ ರೋಮಿನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆಗೆ ವ್ಯಾಖ್ಯೆ ಕೊಟ್ಟಾಗಲೂ, ಆಹಾರ ಇದ್ದರೆ ಸಾಲದು, ಎಲ್ಲರಿಗೂ ಎಲ್ಲ ಕಾಲದಲ್ಲೂ ಅದು ಭೌತಿಕವಾಗಿ ಮತ್ತು ಆರ್ಥಿಕವಾಗಿ ಎಟುಕಬೇಕು ಎಂಬ ಅರ್ಥದಲ್ಲೇ ಹೇಳಿತು. ಮೇಲಿನ ತಾಯಿಯ ವಿಷಯದಲ್ಲಿ ಎಟುಕದೆ ಹೋದದ್ದು ಸಮಯ. ಕೇಂದ್ರ ನಡೆಸುವವರೂ ಆಹಾರ ಹಂಚುವವರೂ ಒಂದು ಮೇಜಿನ ಸುತ್ತ ಕೂತರೆ ಪರಿಹಾರಕ್ಕೆ ದೊಡ್ಡ ಬುದ್ಧಿವಂತಿಕೆ ಬೇಡ: ಬಾಗಿಲು ಆರೂವರೆವರೆಗೆ ತೆಗೆದಿರಲಿ, ಧಾನ್ಯ ಮತ್ತು ತರಕಾರಿಯ ಚೀಲ ಅದೇ ಬಾಗಿಲಲ್ಲಿ, ಮಗುವಿನ ಬ್ಯಾಗಿನ ಜೊತೆ ಕೈಗೆ ಬರಲಿ. ಬೇರೆ ಸಾಲಿಲ್ಲ, ಬೇರೆ ಅರ್ಜಿಯಿಲ್ಲ. ಸಹಭಾಗಿತ್ವ ಎಂಬುದನ್ನು ಕಣ್ಣಿಂದ ನೋಡಬೇಕೆಂದರೆ ಆ ಬಾಗಿಲಲ್ಲಿ ನಿಂತು ನೋಡಬೇಕು.

ಆದರೆ ಆ ಮೇಜಿನ ಸುತ್ತ ತಾಯಿಗೂ ಒಂದು ಕುರ್ಚಿ ಇರಬೇಕೇ? ಈ ಪದದ ಬಗ್ಗೆ ನನ್ನ ಜಗಳವೆಲ್ಲ ಇರುವುದು ಇಲ್ಲೇ. 'ಫಲಾನುಭವಿ' ಎಂಬ ಸರ್ಕಾರಿ ಪದವನ್ನು ಒಮ್ಮೆ ನಿಧಾನವಾಗಿ ಓದಿ. ಬಿಸಿಲಲ್ಲಿ ಸಾಲಿನಲ್ಲಿ ನಿಂತವಳಿಗೆ ಫಲವನ್ನು ಅನುಭವಿಸುವವಳು ಎಂದು ಹೆಸರು! ಆ ಹೆಸರಿನವರಿಗೆ ಕುರ್ಚಿ ಹಾಕುವ ರೂಢಿ ಕಡಿಮೆ. ಆದರೆ ಈ ಕ್ಷೇತ್ರದ ಅತಿ ದೊಡ್ಡ ಉಪಾಯಗಳಲ್ಲೊಂದು ಹುಟ್ಟಿದ್ದು ಅಂಥ ಒಬ್ಬಳ ಬಾಯಿಂದ.

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ, 1960ರ ದಶಕದಲ್ಲಿ, ಜಾನ್ ವಾನ್ ಹೆಂಗೆಲ್ ಎಂಬವರು ಬಡವರ ಊಟದ ಮನೆಯೊಂದರಲ್ಲಿ ಸ್ವಯಂಸೇವಕರಾಗಿದ್ದರು. ಅಲ್ಲಿ ಅವರಿಗೆ ಪರಿಚಯವಾದ ಒಬ್ಬ ತಾಯಿ ಹತ್ತು ಮಕ್ಕಳನ್ನು ಸಾಕುತ್ತಿದ್ದದ್ದು ದಿನಸಿ ಅಂಗಡಿಯ ಹಿಂದಿನ ಕಸದ ಡಬ್ಬಿಗಳಿಂದ. ಎಸೆದದ್ದರಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತದೆ, ಎಸೆಯುವ ಬದಲು ಬ್ಯಾಂಕಿನ ಹಾಗೆ ಒಂದು ಕಡೆ ಜಮಾ ಮಾಡಿಟ್ಟರೆ ಬೇಕಾದವರು ಬಂದು ತೆಗೆದುಕೊಳ್ಳಬಹುದಲ್ಲ ಎಂದಳು ಆಕೆ. ವಾನ್ ಹೆಂಗೆಲ್ ಅಂಗಡಿಗಳವರನ್ನು ಕೇಳಿದರು. ಸೇಂಟ್ ಮೇರೀಸ್ ಚರ್ಚು ತನ್ನ ಹಳೆಯ ಬೇಕರಿ ಕಟ್ಟಡ ಕೊಟ್ಟಿತು. 1967ರಲ್ಲಿ ಶುರುವಾದ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಮೊದಲ ವರ್ಷವೇ 2,75,000 ಪೌಂಡ್, ಅಂದರೆ ಸುಮಾರು 125 ಟನ್ ಆಹಾರ ಹಂಚಿತು. ಇವತ್ತು ಜಗತ್ತಿನಾದ್ಯಂತ ಬಳಕೆಯಲ್ಲಿರುವ 'ಆಹಾರ ಬ್ಯಾಂಕ್' ಎಂಬ ಹೋಲಿಕೆ ಆಕೆಯದು. ಚರ್ಚಿನ ಕಟ್ಟಡ, ಅಂಗಡಿಯವರ ಸರಕು, ಸ್ವಯಂಸೇವಕನ ಓಡಾಟ, ತಾಯಿಯ ತಲೆ. ಭಾಗ ಅಂದರೆ ಇದು.

(ಹೇಳಲೇಬೇಕಾದ ಒಂದು ಚಿಕ್ಕ ವ್ಯತ್ಯಾಸ: ಆಹಾರ ಬ್ಯಾಂಕ್ ಸಾಮಾನ್ಯವಾಗಿ ಉಗ್ರಾಣ. ಅದು ಸಂಗ್ರಹಿಸಿ ವಿಂಗಡಿಸಿ ಸಣ್ಣ ಸಂಸ್ಥೆಗಳಿಗೆ ಕಳಿಸುತ್ತದೆ. ಕುಟುಂಬದ ಕೈಗೆ ಚೀಲ ಕೊಡುವುದು ಪ್ಯಾಂಟ್ರಿ ಎಂದು ಕರೆಸಿಕೊಳ್ಳುವ ಹಂಚಿಕೆ ಕೇಂದ್ರ.)

ಶಿಶುಪಾಲನೆಯ ಕಡೆಗೆ ಬಂದರೆ, ನನಗೆ ಬಹಳ ಇಷ್ಟವಾದ ಕಥೆ ಇಟಲಿಯದು. 1945ರ ವಸಂತದಲ್ಲಿ ಯುದ್ಧ ಮುಗಿದ ಕೆಲವೇ ದಿನಗಳಿಗೆ, ರೆಜ್ಜೋ ಎಮಿಲಿಯಾ ಪಟ್ಟಣದ ಹತ್ತಿರದ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯವರು, ಜರ್ಮನ್ ಸೇನೆ ಬಿಟ್ಟು ಓಡಿದ ಒಂದು ಟ್ಯಾಂಕು, ಕೆಲವು ಟ್ರಕ್ಕು, ಕುದುರೆಗಳನ್ನು ಮಾರಿ ಬಂದ ಹಣದಲ್ಲಿ ಮಕ್ಕಳಿಗೊಂದು ಶಾಲೆ ಕಟ್ಟಲು ಹೊರಟರು. ಬಾಂಬು ಬಿದ್ದ ಮನೆಗಳ ಇಟ್ಟಿಗೆ ಆರಿಸಿ ತಂದು ತಾವೇ ಗೋಡೆ ಎತ್ತಿದರು. ಸುದ್ದಿ ಕೇಳಿ ಲೋರಿಸ್ ಮಾಲಗುಜ್ಜಿ ಎಂಬ ಯುವ ಶಿಕ್ಷಕ ಸೈಕಲ್ ತುಳಿದುಕೊಂಡು ನೋಡಲು ಬಂದವರು, ಆ ಕೆಲಸದಲ್ಲೇ ಉಳಿದುಬಿಟ್ಟರು. ಮುಂದೆ ಜಗತ್ತಿನ ಶಿಶುಶಿಕ್ಷಣದವರೆಲ್ಲ ಹೋಗಿ ನೋಡುವಂತಾದ ರೆಜ್ಜೋ ಎಮಿಲಿಯಾ ಪದ್ಧತಿಯ ಬೇರು ಅದು. ಆ ಊರಿನ ಶಿಶುಶಾಲೆಗಳಲ್ಲಿ ಅಡುಗೆಮನೆ ಹಿತ್ತಲಿನಲ್ಲಿ ಅಡಗಿರುವುದಿಲ್ಲ, ಮಕ್ಕಳಿಗೆ ಕಾಣುವಂತಿರುತ್ತದೆ. ಅಡುಗೆಯವರೂ ಸಿಬ್ಬಂದಿಯ ಬಳಗಕ್ಕೆ ಸೇರಿದವರು. ಗೋದಲಿಯ ಹಳೆಯ ಅರ್ಥ ಅಲ್ಲಿ ಇನ್ನೂ ಉಳಿದಿದೆ.

1969ರಲ್ಲಿ ದೆಹಲಿಯಲ್ಲಿ ಮೀರಾ ಮಹಾದೇವನ್ ಶುರುಮಾಡಿದ 'ಮೊಬೈಲ್ ಕ್ರೆಶಸ್' ಇನ್ನೊಂದು ಬಗೆಯದು. ಕಟ್ಟಡ ಕೆಲಸ ನಡೆಯುವಲ್ಲೇ, ಮಣ್ಣುರಾಶಿಯ ಪಕ್ಕ ಆಡುವ ಕೂಲಿಕಾರರ ಮಕ್ಕಳಿಗೆ ಕೇಂದ್ರ. ಕಾಮಗಾರಿ ಮುಗಿದರೆ ಕುಟುಂಬಗಳು ಗುಳೆ ಹೊರಡುತ್ತವೆ, ಕೇಂದ್ರವೂ ಹೊರಡುತ್ತದೆ. ಇಂಥಲ್ಲಿ ಗುತ್ತಿಗೆದಾರ ಜಾಗ, ನೀರು, ವಿದ್ಯುತ್ತು ಕೊಡದೆ ಹೋದರೆ ಎಷ್ಟು ಒಳ್ಳೆಯ ಶಿಕ್ಷಕಿಯರಿದ್ದರೂ ಕೆಲಸ ಕೈಗೂಡದು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಿಂದ ಕಟ್ಟಿಕೊಂಡು ಬಂದ ಲಾಭರಹಿತ ಶಿಶುಪಾಲನಾ ಕೇಂದ್ರಗಳು ಕುರ್ಚಿಯ ಪ್ರಶ್ನೆಯನ್ನು ಕಾನೂನಿನಲ್ಲೇ ತೀರಿಸಿವೆ: ಆಡಳಿತ ಮಂಡಳಿಯ ಮೂರನೇ ಎರಡರಷ್ಟಾದರೂ ಸದಸ್ಯರು ಆ ಕೇಂದ್ರಕ್ಕೆ ಮಕ್ಕಳನ್ನು ಕಳಿಸುವ ಅಥವಾ ಕಳಿಸಲಿರುವ ತಂದೆತಾಯಿಯರಾಗಿರಬೇಕು.

ಹಾಗೆಂದು ಕುರ್ಚಿ ಹಾಕಿದರೆ ಸಾಕೇ ಎಂದರೆ, ಸಭೆ ಯಾವ ಹೊತ್ತಿಗೆ ಎಂದು ಕೇಳಿ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಸಂಬಳದ ಕೆಲಸವೆಂದೇ ಸಂಸ್ಥೆಗಳ ಕಡೆಯಿಂದ ಬಂದವರು ಮಾತ್ರ ಕೂತಿರುತ್ತಾರೆ. ಶಿಶುಪಾಲನೆಯ ಬಗ್ಗೆ ಚರ್ಚಿಸುವ ಸಭೆಗೆ ಮಗುವನ್ನು ಯಾರ ಹತ್ತಿರ ಬಿಟ್ಟು ಬರಬೇಕೆಂಬುದನ್ನು ಕರೆದವರು ಯೋಚಿಸಿರುವುದಿಲ್ಲ. ಇನ್ನೊಂದು ಪ್ರಶ್ನೆ ಇನ್ನೂ ಸಣ್ಣದು, ಆದರೆ ಏರ್ಪಾಡುಗಳು ಮುರಿಯುವುದು ಹೆಚ್ಚಾಗಿ ಅಲ್ಲೇ: ಬೀಗದ ಕೈ ಯಾರ ಹತ್ತಿರ? ಶಾಲೆಯ ಕೊಠಡಿಯಲ್ಲಿ ಆಹಾರ ಇಟ್ಟಿದ್ದಾರೆ, ರಜೆ ಬಂತು, ಬೀಗ ತೆಗೆಯುವವರು ಊರಲ್ಲಿಲ್ಲ. ಫ್ರಿಜ್ಜು ಕೆಟ್ಟರೆ ರಿಪೇರಿ ಯಾರದು, ವಿದ್ಯುತ್ ಬಿಲ್ಲು ಯಾರ ಹೆಸರಿಗೆ, ಕೆಟ್ಟ ಹಾಲು ಕುಡಿದು ಮಗುವಿಗೆ ತೊಂದರೆಯಾದರೆ ಹೊಣೆ ಯಾರದು. ಒಡಂಬಡಿಕೆಯ ಕಾಗದದಲ್ಲಿ 'ಧ್ಯೇಯೋದ್ದೇಶ'ಗಳಿಗೆ ಎರಡು ಪುಟ ಮೀಸಲಿಟ್ಟು ಇವಕ್ಕೆ ಎರಡು ಸಾಲೂ ಇಡದಿದ್ದರೆ ಅದನ್ನು ಬರೆದವರು ಅಡುಗೆ ಮಾಡಿದವರಲ್ಲ.

ಗುಟ್ಟಿನ ವಿಷಯವೂ ಇದೆ. ಯಾವ ಮನೆಯಲ್ಲಿ ರಾತ್ರಿ ಒಲೆ ಹೊತ್ತಿಲ್ಲ ಎಂದು ಮೊದಲು ಗೊತ್ತಾಗುವುದು ಶಿಶುಕೇಂದ್ರದ ಆಯಾಗೆ, ಮಗು ಬೆಳಗಿನ ತಿಂಡಿಗೆ ಮುಗಿಬೀಳುವುದನ್ನು ನೋಡಿ. ಅದನ್ನು ಆಕೆ ಯಾರಿಗೆ ಹೇಳಬಹುದು, ಮನೆಯವರನ್ನು ಕೇಳದೆ ಹೇಳಬಹುದೇ? ಸಂಸ್ಥೆಗಳು ಮಾಹಿತಿ ಹಂಚಿಕೊಂಡಷ್ಟೂ ಕುಟುಂಬಕ್ಕೆ ಅರ್ಜಿಗಳು ಕಡಿಮೆಯಾಗುತ್ತವೆ, ಮರ್ಯಾದೆಯೂ ಅಷ್ಟೇ ಸಲೀಸಾಗಿ ಬೀದಿಗೆ ಬರಬಹುದು.

ಸರ್ಕಾರ ತನ್ನ ಕೆಲಸವನ್ನು ಸಮುದಾಯದ ಹೆಗಲಿಗೆ ದಾಟಿಸಲು ಈ ಪದವನ್ನು ಬಳಸುವುದೂ ಉಂಟು, ಆಗ ಅದಕ್ಕೆ ಕೈತೊಳೆದುಕೊಳ್ಳುವುದು ಎಂದು ಹೆಸರು. ಪೆರು ದೇಶದ ರಾಜಧಾನಿ ಲೀಮಾದಲ್ಲಿ ನಡೆದದ್ದು ಇದರ ತಿರುವುಮುರುವು. 1984ರಲ್ಲಿ ನಗರಾಡಳಿತ 'ವಾಸೊ ದೆ ಲೆಚೆ', ಅಂದರೆ ಒಂದು ಲೋಟ ಹಾಲು ಎಂಬ ಯೋಜನೆ ತಂದಿತು. ಬೀದಿಬೀದಿಯ ತಾಯಂದಿರ ಸಮಿತಿಗಳು ಹಾಲು ಕಾಯಿಸಿ ಹಂಚಿದವು. ಹಂಚಿ ಸುಮ್ಮನಿರಲಿಲ್ಲ. ಸಾವಿರಾರು ಹೆಂಗಸರು ಬೀದಿಗಿಳಿದು ಇದನ್ನು ಕಾನೂನು ಮಾಡಿ ಎಂದರು, 1985ರ ಆರಂಭದಲ್ಲಿ ಕಾನೂನೇ ಬಂತು. ಲೋಟ ಹಿಡಿದ ಕೈಯೇ ಹಕ್ಕನ್ನೂ ಕೇಳಿತು.

ಜಪಾನಿನಲ್ಲಿ 'ಕೊದೊಮೊ ಶೊಕುದೊ' ಎಂಬ ಪದವಿದೆ, ಮಕ್ಕಳ ಊಟದ ಮನೆ ಎಂದು ಅರ್ಥ. 2012ರಲ್ಲಿ ಟೋಕಿಯೋದ ಓತಾ ವಾರ್ಡಿನಲ್ಲಿ ತರಕಾರಿ ಅಂಗಡಿ ನಡೆಸುತ್ತಿದ್ದ ಒಬ್ಬ ಹೆಂಗಸು, ಶಾಲೆಯ ಊಟ ಬಿಟ್ಟರೆ ಬಾಳೆಹಣ್ಣೊಂದೇ ಗತಿಯಾಗಿದ್ದ ಮಗುವಿನ ಸುದ್ದಿ ಕೇಳಿ ಅಂಗಡಿಯಲ್ಲೇ ಅಡುಗೆ ಹೂಡಿದಾಗ ಈ ಹೆಸರು ಹುಟ್ಟಿತು. ಇಂದು ದೇಶದಲ್ಲಿ ಇಂಥವು 10,000ಕ್ಕೂ ಹೆಚ್ಚಿವೆ. ಸಂಜೆ ಮನೆಯಲ್ಲಿ ಯಾರೂ ಇಲ್ಲದ ಮಗು ಒಂಟಿಯಾಗಿ ಬಂದು ಉಣ್ಣಬಹುದು, ಉಂಡ ಮೇಲೆ ಅಲ್ಲೇ ಕೂತು ಹೋಮ್‌ವರ್ಕ್ ಮಾಡಬಹುದು. ಎಷ್ಟೋ ಕಡೆ ನೆರೆಯ ಅಜ್ಜ ಅಜ್ಜಿಯರೂ ಬಂದು ಉಣ್ಣುತ್ತಾರೆ, ಯಾರನ್ನೂ ಆದಾಯ ಕೇಳುವುದಿಲ್ಲ. ಬಾಗಿಲಲ್ಲಿ 'ಬಡ ಮಕ್ಕಳಿಗೆ' ಎಂದು ಬರೆದಿದ್ದರೆ ಯಾವ ಮಗು ತಾನೇ ಒಳಗೆ ಕಾಲಿಡುತ್ತಿತ್ತು?