ಗೆಟ್ ಕೊಟ್ಟಿದ್ದನ್ನು ಮತ್ತೆ ಡಿಕೋಡ್ ಮಾಡಬೇಡಿ

ಜಾವಾಸ್ಕ್ರಿಪ್ಟ್‌ನಲ್ಲಿ ಲಿಂಕಿನ ವಿಳಾಸದಿಂದ ಕ್ವೆರಿ ವ್ಯಾಲ್ಯೂ (? ಆದಮೇಲೆ ‘ಕೀ=ವ್ಯಾಲ್ಯೂ’ ಅಂತ ಬರುವ ಮಾಹಿತಿ) ತೆಗೆಯಲು & ಮತ್ತು = ಹಿಡಿದು ಸ್ಪ್ಲಿಟ್ ಮಾಡುವ ಕೋಡ್ ಇವತ್ತಿಗೂ ರಿವ್ಯೂಗೆ ಬರುತ್ತದೆ. ಬ್ರೌಸರ್‌ನಲ್ಲೇ ಇದೇ ಕೆಲಸಕ್ಕೆ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಇರುವಾಗ ಈ ಉಸಾಬರಿ ಯಾಕೋ! ಅದು ಹಾಗಿರಲಿ. ಅದನ್ನು ಬಳಸುವವರೂ ಎಡವುವ ಜಾಗ ಒಂದಿದೆ: ಅದರ ಗೆಟ್ (ಕೀ ಹೇಳಿದರೆ ವ್ಯಾಲ್ಯೂ ಕೊಡುವ ಮೆಥಡ್) ಕೊಟ್ಟ ವ್ಯಾಲ್ಯೂವನ್ನು ಮತ್ತೆ ಡಿಕೋಡ್‌ಯುಆರ್‌ಐಕಾಂಪೊನೆಂಟ್‌ಗೆ, ಅಂದರೆ % ಸಂಕೇತಗಳನ್ನು ಮೂಲ ಅಕ್ಷರಗಳಿಗೆ ತಿರುಗಿಸುವ ಫಂಕ್ಷನ್‌ಗೆ ಹಾಕುವುದು.

ವಿಳಾಸದಲ್ಲಿ ‘ಆಫರ್=50%25’ ಇದೆ ಅಂದುಕೊಳ್ಳಿ (%25 ಅಂದರೆ ಎನ್‌ಕೋಡ್ ಆದ %). ಗೆಟ್ ಕರೆದರೆ ಕೈಗೆ ಬರುವುದು ‘50%’. ಡಿಕೋಡ್ ಕೆಲಸ ಅಲ್ಲಿಗೆ ಮುಗಿಯಿತು. ಇದನ್ನೇ ಇನ್ನೊಮ್ಮೆ ಡಿಕೋಡ್ ಮಾಡಿದರೆ, % ಮುಂದೆ ಎರಡು ಹೆಕ್ಸ್ ಅಂಕಿಗಳು ಸಿಗದೆ ಯುಆರ್‌ಐಎರರ್ ಬರುತ್ತದೆ. ಎರರ್ ಬಂದರೆ ಪುಣ್ಯ ಅನ್ನಿ. ಲಾಗಿನ್ ಆದಮೇಲೆ ಎಲ್ಲಿಗೆ ಹೋಗಬೇಕೆಂದು ಒಂದು ವಿಳಾಸದೊಳಗೆ ಇನ್ನೊಂದನ್ನು ಇಟ್ಟಿರುತ್ತಾರಲ್ಲ, ಅಲ್ಲಿ ಸದ್ದಿಲ್ಲದೆ ಕೆಡುತ್ತದೆ. ಒಳಗಿನ ವಿಳಾಸದ %26 ಹೊರಗೆ %2526 ಆಗಿರುತ್ತದೆ. ಗೆಟ್ ಅದನ್ನು %26 ಮಾಡಿಕೊಡುತ್ತದೆ, ಬೇಕಾದದ್ದೂ ಅದೇ. ನೀವು ಮತ್ತೆ ಡಿಕೋಡ್ ಮಾಡಿದಿರೋ, ಅದು ಬರಿಯ & ಆಗಿ, ಒಳಗಿನ ವ್ಯಾಲ್ಯೂ ನಡುವೆಯೇ ತುಂಡಾಗುತ್ತದೆ.

ಟೆಸ್ಟಿಂಗ್‌ನಲ್ಲಿ ಇದು ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ. ಎಲ್ಲರೂ ‘ಮೈಸೂರು’ ಅಂತ ಕೊಟ್ಟು ನೋಡುತ್ತಾರೆ. ವಿಳಾಸದಲ್ಲಿ ಅದು 18 ಬೈಟ್, ಅಂದರೆ % ಸೇರಿ 54 ಕ್ಯಾರೆಕ್ಟರ್ ಆಗಿ ಹೋಗುತ್ತದೆ. ಗೆಟ್‌ನಲ್ಲಿ ಮೈಸೂರಾಗಿಯೇ ವಾಪಸ್ ಬರುತ್ತದೆ. ಆಮೇಲೆ ಎಷ್ಟು ಸಲ ಡಿಕೋಡ್ ಮಾಡಿದರೂ ಮೈಸೂರು ಮೈಸೂರೇ. ‘100% ಹತ್ತಿ’ ಅಂತ ಕೊಟ್ಟು ನೋಡಿ, ಬಣ್ಣ ಬಯಲಾಗುತ್ತದೆ.

ಆ್ಯಂಕರ್‌ನಿಂದ (ಪುಟದಲ್ಲಿರುವ ಲಿಂಕಿನ ಟ್ಯಾಗ್) ವಿಳಾಸ ಎತ್ತುವಾಗ ಗೆಟ್‌ಆಟ್ರಿಬ್ಯೂಟ್ ಬೇಡ, ಎಚ್‌ರೆಫ್ ಪ್ರಾಪರ್ಟಿ ಬಳಸಿ. ಮೊದಲನೆಯದು ಎಚ್‌ಟಿಎಂಎಲ್‌ನಲ್ಲಿ ಬರೆದದ್ದನ್ನೇ ಕೊಡುತ್ತದೆ, ‘?ಪೇಜ್=2’ ಅಂತಷ್ಟೇ ಇದ್ದರೆ ವಿಳಾಸವನ್ನು ಬಿಡಿಸಿಕೊಡುವ ನ್ಯೂ ಯುಆರ್‌ಎಲ್ ಟೈಪ್‌ಎರರ್ ಎಸೆಯುತ್ತದೆ. ಎರಡನೆಯದರಲ್ಲಿ ಪೂರ್ತಿ ವಿಳಾಸ ಸಿಗುತ್ತದೆ. ಆದರೆ ಆ ಪೂರ್ತಿ ವಿಳಾಸವನ್ನು ನೇರವಾಗಿ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್‌ಗೆ ಕೊಡಬೇಡಿ; ಎಚ್‌ಟಿಟಿಪಿಎಸ್‌ನಿಂದ ಹಿಡಿದು ಮೊದಲ = ತನಕ ಇರುವುದೆಲ್ಲ ಒಂದೇ ಕೀ ಆಗಿಬಿಡುತ್ತದೆ. ನ್ಯೂ ಯುಆರ್‌ಎಲ್ ಮಾಡಿ, ಅದರ ಸರ್ಚ್‌ಪ್ಯಾರಮ್ಸ್ ಕೇಳಿ. ಕ್ವೆರಿ # ಆದಮೇಲೆ ಇದ್ದರೆ ಅಲ್ಲೂ ಸಿಗದು, ಹ್ಯಾಶ್‌ನಲ್ಲೇ ಹುಡುಕಬೇಕು.

ಫೋನ್ ನಂಬರಿನ + ಮಾಯವಾಗಿ ಸ್ಪೇಸ್ ಬಂದಿದ್ದರೆ ಓದುವ ಕಡೆ ರಿಪೇರಿಗೆ ಇಳಿಯಬೇಡಿ. ಲಿಂಕ್ ಕಟ್ಟಿದವರು ಆ + ಅನ್ನು ಎನ್‌ಕೋಡ್ ಮಾಡಿಲ್ಲ, ಅಲ್ಲೇ ಸರಿಪಡಿಸಿ. ಕೀ ಇಲ್ಲದಿದ್ದರೆ ಗೆಟ್ ಕೊಡುವುದು ನಲ್ (ಏನೂ ಇಲ್ಲ ಎಂಬ ಗುರುತು). ಅದನ್ನು ನಂಬರ್ ಫಂಕ್ಷನ್‌ಗೆ ಹಾಕಿದರೆ 0 ಬರುತ್ತದೆ. ಪೇಜ್ ನಂಬರ್ ಓದುವವರು ಮೊದಲು ನಲ್ ಚೆಕ್ ಮಾಡಿ.