ಜಂಪ್‌ಗೆ ಹೆಸರಾದವರು ಜಾರುವುದನ್ನು ಕಲಿಸಿದರು
ಮಕ್ಕಳನ್ನು ಸ್ಕೇಟಿಂಗ್ ಕ್ಲಾಸಿಗೆ ತಂದು ಬಿಡುವ ಅಪ್ಪ ಅಮ್ಮಂದಿರು ಮೊದಲು ಕೇಳುವುದೇ "ಸರ್, ಜಂಪ್ ಯಾವಾಗ ಕಲಿಸ್ತೀರಾ?" ಅಂತ. ಅವರಿಗೆ ನಾನು ಕೆನಡಾದ ಐಸ್ ಸ್ಕೇಟರ್ ಬ್ರಯಾನ್ ಆರ್ಸರ್ ಬಗ್ಗೆ ಹೇಳುತ್ತೇನೆ.

ಆರ್ಸರ್ ಅವರನ್ನು 'ಮಿಸ್ಟರ್ ಟ್ರಿಪಲ್ ಆಕ್ಸಲ್' ಎಂದೇ ಕರೆಯುತ್ತಿದ್ದರು. ಜಂಪ್‌ಗಳಲ್ಲಿ ಆಕ್ಸಲ್ ಒಂದನ್ನೇ ಮುಂದಕ್ಕೆ ಮುಖ ಮಾಡಿ ಹಾರುವುದು. ಇಳಿಯುವುದು ಹಿಮ್ಮುಖವಾಗಿ. ಹಾಗಾಗಿ ಅರ್ಧ ಸುತ್ತು ಜಾಸ್ತಿ. ಟ್ರಿಪಲ್ ಅಂದರೆ ಮೂರೂವರೆ ಸುತ್ತು! 1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಅವರು ಅದನ್ನು ಮಾಡಿ ತೋರಿಸಿದರು. ಸ್ಪರ್ಧೆಯ ಭಾಗಗಳಾದ ಶಾರ್ಟ್ ಪ್ರೋಗ್ರಾಂ (ಚಿಕ್ಕ ಪ್ರದರ್ಶನ), ಫ್ರೀ ಸ್ಕೇಟ್ (ದೊಡ್ಡ ಪ್ರದರ್ಶನ) ಎರಡನ್ನೂ ಗೆದ್ದರು. ಆದರೂ ಸಿಕ್ಕಿದ್ದು ಬೆಳ್ಳಿ. ಯಾಕೆಂದರೆ ಆಗ ಕಂಪಲ್ಸರಿ ಫಿಗರ್ಸ್ ಎಂಬ ಭಾಗವೂ ಇತ್ತು. ಬ್ಲೇಡಿನ ಅಂಚಿನ ಮೇಲೆ ಸಾಗುತ್ತಾ ಮಂಜುಗಡ್ಡೆಯ ಮೇಲೆ ವೃತ್ತಗಳನ್ನು ಬಿಡಿಸಬೇಕು, ಅದೇ ಗೆರೆಯ ಮೇಲೆ ಮತ್ತೆ ಹೋಗಬೇಕು. ಅದರಲ್ಲಿ ಅವರು ಏಳನೆಯವರು.

1988ರಲ್ಲಿ ಒಲಿಂಪಿಕ್ಸ್ ಅವರದೇ ದೇಶದ ಕ್ಯಾಲ್ಗರಿಯಲ್ಲಿ. ಆಗ ಅವರು ವಿಶ್ವ ಚಾಂಪಿಯನ್. ಟ್ರಿಪಲ್ ಫ್ಲಿಪ್ ಎಂಬ ಇನ್ನೊಂದು ಜಂಪ್‌ನಿಂದ ಇಳಿಯುವಾಗ ಸ್ವಲ್ಪ ತಡವರಿಸಿದರು, ಎರಡನೇ ಟ್ರಿಪಲ್ ಆಕ್ಸಲ್ ಬಿಟ್ಟರು. ಚಿನ್ನ ಕೂದಲೆಳೆಯಲ್ಲಿ ಅಮೆರಿಕದ ಬ್ರಯಾನ್ ಬೊಯಿಟಾನೊ ಪಾಲಾಯಿತು.

ಮುಂದೆ ಅವರು ಟೊರಾಂಟೊದ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಚ್ ಆದರು. ಹೌದು, ಕ್ಲಬ್ಬಿನ ಹೆಸರಲ್ಲಿ ಕ್ರಿಕೆಟ್ ಇದೆ, ಸ್ಕೇಟಿಂಗೂ ಇದೆ! ಅಲ್ಲಿ ಅವರ ಜೊತೆಗಾರ್ತಿ, 1988ರ ಐಸ್ ಡಾನ್ಸ್ ಕಂಚು ವಿಜೇತೆ ಟ್ರೇಸಿ ವಿಲ್ಸನ್. ಅಲ್ಲಿ ಸ್ಟ್ರೋಕಿಂಗ್ ಅಭ್ಯಾಸವನ್ನು ಚಾಂಪಿಯನ್ನರೂ ಮಾಡಲೇಬೇಕು. ಮಂಡಿ ಬಗ್ಗಿಸು, ಅಂಚಿನ ಮೇಲೆ ಭಾರ ಹಾಕು, ಒತ್ತು, ಜಾರು. ನೋಡುವವರಿಗೆ ಬೇಸರ ಬರಬಹುದು. ಆದರೆ ವೇಗ ಹುಟ್ಟುವುದು ಅಲ್ಲೇ. ವೇಗವಿದ್ದರೆ ಜಂಪ್ ಸಲೀಸಾಗಿ ದೂರ ಹೋಗುತ್ತದೆ, ಇಳಿದ ಮೇಲೂ ಓಟ ನಿಲ್ಲುವುದಿಲ್ಲ. ವೇಗವಿಲ್ಲದವರು ಭುಜದ ಬಲದಲ್ಲಿ ತಿರುಗಲು ನೋಡಿ ಬೀಳುತ್ತಾರೆ. ಚಕ್ರದ ಸ್ಕೇಟ್‌ನಲ್ಲೂ ನಾನು ದಿನಾ ನೋಡುವುದು ಇದನ್ನೇ.

ಆರ್ಸರ್ ಅವರ ಶಿಷ್ಯೆ, ದಕ್ಷಿಣ ಕೊರಿಯಾದ ಕಿಮ್ ಯುನಾ 2010ರಲ್ಲಿ ವ್ಯಾಂಕೂವರ್‌ನಲ್ಲಿ ಚಿನ್ನ ಗೆದ್ದರು. ಆದರೆ ಕೋಚ್ ಆಗಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನಂತರದ ವರ್ಷಗಳು. ಜಪಾನಿನ ಯುಜುರು ಹನ್ಯು, ಸ್ಪೇನಿನ ಹಾವಿಯೆರ್ ಫರ್ನಾಂಡಿಸ್ ಇಬ್ಬರೂ ಎದುರಾಳಿಗಳು, ಇಬ್ಬರಿಗೂ ಇವರೇ ಕೋಚ್. ಒಬ್ಬನ ಸರದಿಗೆ ಜಪಾನ್ ಜಾಕೆಟ್, ಇನ್ನೊಬ್ಬನ ಸರದಿಗೆ ಸ್ಪೇನ್ ಜಾಕೆಟ್ ಹಾಕಿಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದರು. ತನಗೆ ಕೊಟ್ಟಿದ್ದು ಕಮ್ಮಿಯಾಯಿತು ಅಂತ ಇಬ್ಬರಿಗೂ ಅನ್ನಿಸಬಾರದು, ಅದು ಸುಲಭವಲ್ಲ ಅಲ್ವಾ? 2015 ಮತ್ತು 2016ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫರ್ನಾಂಡಿಸ್ ಗೆದ್ದರು, ಹನ್ಯು ಎರಡನೆಯವರು. 2018ರ ಪಿಯಾಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಹನ್ಯುಗೆ ಎರಡನೇ ಚಿನ್ನ, ಫರ್ನಾಂಡಿಸ್‌ಗೆ ಕಂಚು.