ಅಪ್ರೂವ್ಡ್ ಕಾರು ಕೊಂಡು ಬೇಸರವಾಗಿದೆಯೇ? ಮೊದಲು ಚೆಕ್‌ಲಿಸ್ಟ್ ಕೇಳಿ

ಸೆಕೆಂಡ್ ಹ್ಯಾಂಡ್ ಕಾರೆಂದರೆ ಅಂಜುವವರು ಕೊನೆಗೆ ಹೋಗಿ ನಿಲ್ಲುವುದು ಕಂಪನಿಯ ಅಧಿಕೃತ ಡೀಲರ್ ಬಾಗಿಲಲ್ಲಿ. ‘ಅಪ್ರೂವ್ಡ್’, ‘ಸರ್ಟಿಫೈಡ್’ ಎಂಬ ಮುದ್ರೆ ಬಿದ್ದ ಕಾರಿಗೆ ಹೊರಗಿನ ದರಕ್ಕಿಂತ ಹೆಚ್ಚು ಕೊಡಬೇಕು. ಆ ಹೆಚ್ಚಿನ ಹಣ ಕೊಡುವುದೇ ನೆಮ್ಮದಿಗೆ. ಆದರೆ ಕಾರು ಮನೆಗೆ ಬಂದು, ಎರಡು ಸಲ ತೊಳೆದು, ಬೆಳಗಿನ ಬಿಸಿಲಿಗೆ ನಿಲ್ಲಿಸಿದಾಗ ಎಷ್ಟೋ ಜನರ ಮುಖ ಸಣ್ಣಗಾಗುತ್ತದೆ. ಬಾನೆಟ್ ತುಂಬ ಜೇಡರ ಬಲೆಯಂಥ ಗೀರು. ನಾಲ್ಕು ಟಯರಿಗೆ ಮೂರು ಕಂಪನಿ. ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ‘ಎರಡನೇ ಕೀ ಮುಂದಿನ ವಾರ ಕೊಡ್ತೀವಿ’ ಎಂದವರು ಈಗ ಫೋನ್ ಎತ್ತುತ್ತಿಲ್ಲ.

ಆಗ ಹೆಚ್ಚಿನವರು ಶೋರೂಮಿಗೆ ಹೋಗಿ ‘ಕಾರು ಚೆನ್ನಾಗಿಲ್ಲ, ಇಷ್ಟು ದುಡ್ಡು ಕೊಟ್ಟು ಹೀಗಾ?’ ಎಂದು ಕೂಗಾಡುತ್ತಾರೆ. ಅದಕ್ಕೆ ಅಲ್ಲಿ ಉತ್ತರ ಸಿದ್ಧವಾಗಿರುತ್ತದೆ: ‘ಹಳೇ ಕಾರಲ್ವಾ ಸರ್, ಇಷ್ಟೆಲ್ಲ ಇದ್ದೇ ಇರುತ್ತೆ.’ ಮಾತು ಅಲ್ಲಿಗೆ ಮುಗಿಯುತ್ತದೆ. ಬೇಸರಕ್ಕೆ ಅಳತೆ ಇಲ್ಲ, ಹಾಗಾಗಿ ಅದಕ್ಕೆ ಪರಿಹಾರವೂ ಸಿಗುವುದಿಲ್ಲ. ಆದರೆ ಮುದ್ರೆಯ ಹಿಂದೆ ಒಂದು ಚೆಕ್‌ಲಿಸ್ಟ್ ಇದೆ, ಅದಕ್ಕೆ ಯಾರೋ ಸಹಿ ಹಾಕಿದ್ದಾರೆ. ಅದರಲ್ಲಿ ಬರೆದದ್ದಕ್ಕೂ ಕಾರಿನಲ್ಲಿ ಇರುವುದಕ್ಕೂ ತಾಳೆಯಾಗದಿದ್ದರೆ ಡೀಲರ್ ಉತ್ತರ ಹೇಳಲೇಬೇಕಾಗುತ್ತದೆ. ನಿಮ್ಮ ದೂರು ಆ ಹಾಳೆಯ ಮೇಲೆ ನಿಲ್ಲಬೇಕು.

ಮುದ್ರೆ ಬೀಳುವ ಬಗೆ ತಿಳಿದರೆ ಕೊರತೆ ಎಲ್ಲಿ ನುಸುಳುತ್ತದೆ ಎಂಬುದೂ ತಿಳಿಯುತ್ತದೆ. ಕಾರು ಡೀಲರ್ ಕೈಗೆ ಬಂದ ಮೇಲೆ ವರ್ಕ್‌ಶಾಪಿನ ಟೆಕ್ನಿಷಿಯನ್ ಒಬ್ಬರು ನೂರು, ನೂರೈವತ್ತು ಅಂಶಗಳ ಪಟ್ಟಿ ಹಿಡಿದು ಅದನ್ನು ನೋಡುತ್ತಾರೆ. ಬದಲಿಸಿದ ಭಾಗದ ಖರ್ಚು ಮಾರಾಟ ವಿಭಾಗದ ಲೆಕ್ಕಕ್ಕೆ ಬೀಳುತ್ತದೆ. ಹೊಸ ಟಯರು ಹಾಕಿದಷ್ಟೂ ಆ ಕಾರಿನ ಲಾಭ ಇಳಿಯುತ್ತದೆ. ಹೀಗಾಗಿ ತಯಾರಿಯ ಖರ್ಚಿಗೆ ಒಂದು ಮಿತಿ ಇಟ್ಟಿರುತ್ತಾರೆ, ಮಿತಿ ಮುಟ್ಟಿದ ಮೇಲೆ ‘ಇನ್ನೂ ಸ್ವಲ್ಪ ದಿನ ಓಡುತ್ತೆ’ ಎನ್ನಿಸಿಕೊಂಡ ಭಾಗಗಳು ಹಾಗೇ ಉಳಿಯುತ್ತವೆ. ಇನ್ನೊಂದು, ತಪಾಸಣೆ ನಡೆಯುವುದು ಕಾರು ಬಂದ ಹೊಸತರಲ್ಲಿ; ಮಾರಾಟವಾಗುವುದು ಎಷ್ಟೋ ವಾರಗಳ ಮೇಲೆ. ನಡುವೆ ಅದು ಬಯಲಲ್ಲಿ ನಿಂತು ಬ್ಯಾಟರಿ ಇಳಿಸಿಕೊಂಡು, ಬ್ರೇಕ್ ಡಿಸ್ಕಿಗೆ ತುಕ್ಕು ಹತ್ತಿಸಿಕೊಂಡಿರುತ್ತದೆ. ಜತೆಗೆ ಪಟ್ಟಿಯಲ್ಲಿ ‘ಪಾಸ್’ ಎಂದರೆ ಕನಿಷ್ಠ ಮಟ್ಟ ದಾಟಿದೆ ಎಂದಷ್ಟೇ ಅರ್ಥ. ತೋಡಿನ ಆಳ 3 ಮಿ.ಮೀ. ಉಳಿದ ಟಯರೂ ಪಾಸ್ ಆಗಬಹುದು, 7 ಮಿ.ಮೀ. ಇರುವುದೂ ಪಾಸ್. ಆದ್ದರಿಂದ ಬರೀ ಟಿಕ್ ಇರುವ ಹಾಳೆ ಸಾಲದು, ಅಳತೆ ಬರೆದಿರುವ ಹಾಳೆಯನ್ನೇ ಕೇಳಿ. ಮುಂಗಡ ಕೊಡುವ ಮೊದಲೇ ಕೇಳಿದರೆ ಕೊಡುತ್ತಾರೆ, ಪೂರ್ತಿ ಹಣ ಕೈಸೇರಿದ ಮೇಲೆ ಹುಡುಕುತ್ತಾರೆ.

‘ವಾರಂಟಿ ಇದೆಯಲ್ಲ’ ಎಂದು ಸುಮ್ಮನಾಗಬೇಡಿ. ಅಪ್ರೂವ್ಡ್ ಕಾರಿನ ವಾರಂಟಿ ಎಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ ಭಾಗಗಳು ದಿಢೀರನೆ ಕೈಕೊಟ್ಟರೆ ಇರುವಂಥದ್ದು. ಬ್ರೇಕ್ ಪ್ಯಾಡ್, ಡಿಸ್ಕ್, ಕ್ಲಚ್ ಪ್ಲೇಟ್, ಟಯರು, ವೈಪರ್, ಬಣ್ಣ, ಸೀಟಿನ ಬಟ್ಟೆ ಇವೆಲ್ಲ ‘ಸವೆಯುವ ಭಾಗ’ ಎಂಬ ಹೆಸರಲ್ಲಿ ಹೊರಗುಳಿಯುತ್ತವೆ. ಕೊಂಡವರಿಗೆ ಬೇಸರ ತರುವುದು ಹೆಚ್ಚಾಗಿ ಈ ಭಾಗಗಳೇ. ವಾರಂಟಿಯಡಿ ಕೇಳಿದರೆ ‘ಕವರ್ ಆಗಲ್ಲ’ ಎಂಬ ಉತ್ತರ ಬರುತ್ತದೆ, ಆ ಉತ್ತರ ಸರಿಯಾಗಿಯೂ ಇರುತ್ತದೆ. ನೀವು ಹಿಡಿಯಬೇಕಾದದ್ದು ಮಾರಾಟದ ವೇಳೆ ಕೊಟ್ಟ ಮಾತನ್ನು: ಜಾಹೀರಾತು, ಚೆಕ್‌ಲಿಸ್ಟ್, ಇನ್‌ವಾಯ್ಸ್, ಸೇಲ್ಸ್‌ನವರ ಮೆಸೇಜುಗಳು. ಜಾಹೀರಾತಿನ ಪುಟವನ್ನು ಆವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ. ಕಾರು ಮಾರಾಟವಾದ ಮೇಲೆ ಆ ಪುಟ ಉಳಿಯುವುದಿಲ್ಲ.

ಇನ್ನು ನೋಡುವ ಬಗೆ. ಕಾರು ಒಣಗಿರಬೇಕು, ಹಗಲಿನ ಬೆಳಕಿರಬೇಕು, ಎಂಜಿನ್ ತಣ್ಣಗಿರಬೇಕು. ಒದ್ದೆ ಬಾಡಿಯ ಮೇಲೆ ಗೀರು ಕಾಣುವುದಿಲ್ಲ. ಮೊದಲೇ ಸ್ಟಾರ್ಟ್ ಮಾಡಿ ಬಿಸಿಯಾಗಿಸಿಟ್ಟ ಎಂಜಿನ್ನಿನಲ್ಲಿ ಬೆಳಗಿನ ಮೊದಲ ಸ್ಟಾರ್ಟಿನ ಕಟಕಟ ಸದ್ದು, ಹೊಗೆ ಎರಡೂ ಅಡಗಿರುತ್ತವೆ.

ಟಯರಿನಿಂದ ಶುರು ಮಾಡಿ, ತಯಾರಿಗೆ ಎಷ್ಟು ಮನಸ್ಸು ಕೊಟ್ಟಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹೊಸ ಟಯರಿನ ತೋಡಿನ ಆಳ ಸುಮಾರು 8 ಮಿ.ಮೀ. ತೋಡಿನ ತಳದಲ್ಲಿ ಅಡ್ಡಕ್ಕೆ ಇರುವ ಸಣ್ಣ ಉಬ್ಬುಗಳ ಎತ್ತರ 1.6 ಮಿ.ಮೀ.; ಸವೆತ ಅವುಗಳ ಮಟ್ಟಕ್ಕೆ ಬಂದರೆ ಟಯರು ಮುಗಿದಂತೆ. ಪಕ್ಕದ ಗೋಡೆಯ ಮೇಲೆ ‘ಡಾಟ್’ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಆ ಅಂಕಿ ಒಂದು ಪಕ್ಕದಲ್ಲಿ ಮಾತ್ರ ಇರುವುದುಂಟು, ಕಾಣದಿದ್ದರೆ ಒಳಬದಿಗೆ ಬಗ್ಗಿ ನೋಡಿ. ಒಂದೇ ಆಕ್ಸಲ್ಲಿನ ಎಡಕ್ಕೊಂದು, ಬಲಕ್ಕೊಂದು ಕಂಪನಿಯ ಟಯರಿದ್ದರೆ ಅದು ಅಪ್ರೂವ್ಡ್ ಕಾರಿಗೆ ತಕ್ಕುದಲ್ಲ, ಬದಲಿಸಿ ಎಂದೇ ಕೇಳಿ. ಒಳ ಅಂಚು ಮಾತ್ರ ಸವೆದಿದ್ದರೆ ಟಯರಿನ ಜತೆ ಅಲೈನ್‌ಮೆಂಟನ್ನೂ ಕೇಳಬೇಕು. ಇಲ್ಲದಿದ್ದರೆ ಹೊಸ ಟಯರೂ ಹಾಗೇ ಸವೆಯುತ್ತದೆ.

ಬ್ರೇಕಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಕಾರು ಓಡಿಸಿ ಬಂದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ. ತಣ್ಣಗಾದ ಮೇಲೆ ರಿಮ್ಮಿನ ಕಡ್ಡಿಗಳ ನಡುವೆ ಬೆರಳು ತೂರಿಸಿ, ಡಿಸ್ಕಿನ ಹೊಳೆಯುವ ಮೈಯಿಂದ ಹೊರಅಂಚಿನ ಕಡೆಗೆ ಉಗುರನ್ನು ಎಳೆಯಿರಿ. ಸವೆದ ಡಿಸ್ಕಿನಲ್ಲಿ ಪ್ಯಾಡ್ ತಾಗದ ಅಂಚು ಹಾಗೇ ಉಳಿದು ಒಂದು ದಿಂಡಾಗಿರುತ್ತದೆ, ಉಗುರು ಅಲ್ಲಿ ಎಡವಿ ನಿಲ್ಲುತ್ತದೆ. ಹೊಸ ಡಿಸ್ಕಿಗೂ ಬದಲಿಸಬೇಕಾದ ಡಿಸ್ಕಿಗೂ ದಪ್ಪದಲ್ಲಿ ವ್ಯತ್ಯಾಸ ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು ಮಾತ್ರ, ಕನಿಷ್ಠ ದಪ್ಪವನ್ನು ಬಹುತೇಕ ಡಿಸ್ಕುಗಳ ಮೇಲೇ ಕೊರೆದಿರುತ್ತಾರೆ. ದಿಂಡು ಎದ್ದು ಕಂಡರೆ ಮೈಕ್ರೋಮೀಟರಿನಲ್ಲಿ ಅಳೆದು ತೋರಿಸಲು ಹೇಳಿ. ಹೊಸ ಪ್ಯಾಡಿನ ಸವೆಯುವ ಪದರ ಸುಮಾರು 10ರಿಂದ 12 ಮಿ.ಮೀ., 3 ಮಿ.ಮೀ.ಗೆ ಬಂದರೆ ಬದಲಿಸುವ ಹೊತ್ತು. ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಕೆಂಪಗಾಗುವುದು ದೋಷವಲ್ಲ, ಹತ್ತಾರು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗುತ್ತದೆ. ಒಂದು ವಾರ ಓಡಿಸಿದ ಮೇಲೂ ಗುಳಿಬಿದ್ದ ಕಪ್ಪು ಪಟ್ಟೆಗಳು ಉಳಿದರೆ, ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರಿದರೆ, ಡಿಸ್ಕ್ ಎಲ್ಲ ಕಡೆ ಒಂದೇ ದಪ್ಪ ಉಳಿದಿಲ್ಲ ಎಂದು ಶಂಕಿಸಬೇಕು. ವೀಲ್ ಬ್ಯಾಲೆನ್ಸ್ ಮಾಡಿಸಿ ‘ಸರಿಯಾಯ್ತು’ ಎಂದು ಕಳಿಸಿದರೆ ಒಪ್ಪಬೇಡಿ. ಬ್ಯಾಲೆನ್ಸಿಂಗ್ ದೋಷವಿದ್ದರೆ ಬ್ರೇಕ್ ಒತ್ತದೆ ಓಡುವಾಗಲೂ ಅದುರುತ್ತದೆ, ಒತ್ತಿದಾಗ ಮಾತ್ರ ಅದುರಿದರೆ ಮೊದಲು ನೋಡಬೇಕಾದದ್ದು ಡಿಸ್ಕನ್ನು.

ಬಣ್ಣದ ವಿಷಯದಲ್ಲಿ ಎರಡು ಬೇರೆ ಬೇರೆ ದೂರುಗಳನ್ನು ಕಲಸಬೇಡಿ. ಒಂದು, ಪಾಲಿಶ್ ಹಾಕಿ ಮುಚ್ಚಿದ ಸಣ್ಣ ಗೀರು. ಗೀರನ್ನು ತುಂಬುವ ಪಾಲಿಶ್ ನಾಲ್ಕಾರು ಸಲ ತೊಳೆದರೆ ಬಿಟ್ಟುಹೋಗುತ್ತದೆ, ಅದಕ್ಕೇ ಎರಡನೇ ವಾರದಲ್ಲಿ ಕಾರು ಇದ್ದಕ್ಕಿದ್ದಂತೆ ಹಳತಾಗಿ ಕಾಣುವುದು. ಇದು ಅಂದದ ಮಾತು, ಮೆಷಿನ್ ಪಾಲಿಶ್ ಮಾಡಿಸಿಕೊಡಿ ಎಂದರೆ ಸಾಕು. ಇನ್ನೊಂದು, ಹೇಳದೆ ಮುಚ್ಚಿಟ್ಟ ಹಳೆಯ ಗುದ್ದು. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಇದನ್ನು ಹೇಳುತ್ತದೆ: ಕಂಪನಿಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್, ಮೇಲೆ ಮತ್ತೆ ಬಳಿದಿದ್ದರೆ 200–300, ಅಡಿಯಲ್ಲಿ ಪುಟ್ಟಿ ಇದ್ದರೆ 500 ದಾಟುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಗೇಜ್ ಕೆಲಸ ಮಾಡುವುದಿಲ್ಲ. ಗೇಜ್ ಇಲ್ಲದಿದ್ದರೆ ಬಾನೆಟ್ ಎತ್ತಿ ಫೆಂಡರಿನ, ಕೀಲಿನ ಬೋಲ್ಟ್ ತಲೆಗಳನ್ನು ನೋಡಿ. ಮೂಲೆಗಳಲ್ಲಿ ಬಣ್ಣ ಒಡೆದು ಲೋಹ ಇಣುಕಿದರೆ ಅಲ್ಲಿ ಸ್ಪಾನರ್ ಬಿದ್ದಿದೆ. ಬಾಗಿಲಿನ ರಬ್ಬರ್ ಮಡಚಿದಾಗ ಒಳಗೆ ಗೆರೆ ಎಳೆದಂತೆ ಬಣ್ಣ ನಿಂತಿದ್ದರೆ ಟೇಪ್ ಅಂಟಿಸಿ ಸ್ಪ್ರೇ ಹೊಡೆದಿದ್ದಾರೆ. ಬಂಪರಿನ ಮರುಬಣ್ಣ ದೊಡ್ಡ ಮಾತಲ್ಲ. ಚಾವಣಿ, ಬಾಗಿಲ ನಡುವಿನ ಕಂಬ, ಡಿಕ್ಕಿಯ ನೆಲ ಇವುಗಳಲ್ಲಿ ಪುಟ್ಟಿ ಕಂಡರೆ ಮಾತ್ರ ಗಂಭೀರ. ಅದು ಚೆಕ್‌ಲಿಸ್ಟಿನಲ್ಲಿ ಇಲ್ಲದಿದ್ದರೆ ಚೌಕಾಸಿಗೆ ಇಳಿಯಬೇಡಿ, ಕಾರನ್ನೇ ಬಿಡಿ.

ಕಾರಿನೊಳಗಿನ ಕಂಪ್ಯೂಟರ್ ಇಟ್ಟ ದಾಖಲೆಯನ್ನು ಅಗ್ಗದ ಸ್ಕ್ಯಾನರಿನಲ್ಲೂ ಓದಬಹುದು. ಎಚ್ಚರಿಕೆ ದೀಪ ಆರಿದೆ ಎಂಬುದಷ್ಟನ್ನೇ ನೋಡಬಾರದು; ದೋಷದ ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ಕಿ.ಮೀ. ಓಡಿದೆ ಎಂಬ ಲೆಕ್ಕವನ್ನೂ ಬಹುತೇಕ ಕಾರುಗಳು ಇಟ್ಟಿರುತ್ತವೆ. ಅದು 6 ಕಿ.ಮೀ. ಎಂದು ತೋರಿಸಿ, ಸ್ವಯಂ ತಪಾಸಣೆಗಳು ‘ಪೂರ್ಣಗೊಂಡಿಲ್ಲ’ ಎಂದಿದ್ದರೆ ನಿಮ್ಮ ಟೆಸ್ಟ್ ಡ್ರೈವಿಗೆ ಮೊದಲೇ ಯಾರೋ ದೀಪ ಆರಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಯಾವುದೆಂದು ಕೇಳಿ, ಬ್ಯಾಟರಿ ಎಂದರೆ ಅದರ ಜಾಬ್ ಕಾರ್ಡ್ (ವರ್ಕ್‌ಶಾಪಿನ ಕೆಲಸದ ಚೀಟಿ) ಇರಬೇಕು.

ಬ್ಯಾಟರಿ ರಾತ್ರಿಯಿಡೀ ಸುಮ್ಮನಿದ್ದ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ನಿಂತಾಗ ತಾನೇ ಆರುವ ಎಂಜಿನ್ ಇರುವ ಕಾರಿಗೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಎಜಿಎಂ ಅಥವಾ ಇಎಫ್‌ಬಿ ಬಗೆಯ ಬ್ಯಾಟರಿಯೇ ಬೇಕು. ಅಲ್ಲಿ ಸಾಮಾನ್ಯ ಬ್ಯಾಟರಿ ಕೂರಿಸಿದ್ದರೆ ಅದು ಬೇಗ ಸಾಯುತ್ತದೆ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿಯ ಗುಂಡಿಯಲ್ಲಿ ನೀರಿನ ಕಲೆ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ (ನೆರೆನೀರಲ್ಲಿ ಮುಳುಗಿದ್ದರ ಸುಳಿವು) ಇದೆಯೇ ನೋಡಿ. ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಇದ್ದರೆ ಬಾಟಲಿಯ ಮೇಲಿನ ಅವಧಿ ಓದಿ. ಕಳ್ಳರು ಚಕ್ರ ಬಿಚ್ಚದಂತೆ ಹಾಕುವ ಲಾಕಿಂಗ್ ವೀಲ್ ನಟ್ ಇದ್ದರೆ ಅದರ ಕೀ ಕೈಯಲ್ಲಿ ಹಿಡಿದೇ ಹೊರಡಿ: ಬೆರಳುದ್ದದ ಆ ತುಂಡು ವರ್ಕ್‌ಶಾಪಿನಲ್ಲೇ ಉಳಿಯುವುದು ತೀರಾ ಸಾಮಾನ್ಯ, ಅದಿಲ್ಲದೆ ದಾರಿಯಲ್ಲಿ ಚಕ್ರ ಬಿಚ್ಚಲಾಗದು.

ಡೆಲಿವರಿ ಹಾಳೆಯಲ್ಲಿ ‘ತೃಪ್ತಿಕರ ಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಸಾಲು ಇರುತ್ತದೆ. ಸಿಹಿ ಹಂಚುತ್ತ, ಫೋಟೊ ತೆಗೆಯುತ್ತ ಆ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿಯ ಪಕ್ಕದಲ್ಲೇ ಬಾಕಿ ಬರೆಯಿರಿ: ಎರಡನೇ ಕೀ, ಬಲ ಹಿಂದಿನ ರಿಮ್ ಗೀರು, ದಿನಾಂಕ. ಎರಡೂ ಪ್ರತಿಯಲ್ಲಿ ಅವರ ಸಹಿ ಇರಲಿ. ಬಾಯಿಮಾತಿನ ‘ಮಾಡಿಸಿಕೊಡ್ತೀವಿ’ ಆ ಸೇಲ್ಸ್‌ನವರು ಕೆಲಸ ಬಿಟ್ಟ ದಿನ ಮುಗಿಯುತ್ತದೆ.

ಮನೆಗೆ ತಂದ ಮೇಲೆ ಕೊರತೆ ಕಂಡರೆ ಎರಡು ದಿನದೊಳಗೆ ಬರಹದಲ್ಲಿ ತಿಳಿಸಿ. ತಡವಾದಷ್ಟೂ ‘ನಿಮ್ಮ ಬಳಕೆಯಲ್ಲಿ ಆದದ್ದು’ ಎಂಬ ಮಾತಿಗೆ ಬಲ ಬರುತ್ತದೆ. ಓಡೋಮೀಟರ್ ಕಾಣುವಂತೆ ಒಂದು ಫೋಟೊ ಮೊದಲು ತೆಗೆಯಿರಿ. ದೂರನ್ನು ಮೂರು ಭಾಗ ಮಾಡಿ: ಸುರಕ್ಷತೆಗೆ ಸಂಬಂಧಿಸಿದ್ದು, ಚೆಕ್‌ಲಿಸ್ಟಿಗೆ ತಾಳೆಯಾಗದ್ದು, ಅಂದಕ್ಕೆ ಸಂಬಂಧಿಸಿದ್ದು. ಇಪ್ಪತ್ತು ಗೀರುಗಳ ನಡುವೆ ಬ್ರೇಕಿನ ದೂರು ಹೂತುಹೋದರೆ ಗೀರಿಗೆ ಟಚ್‌ಅಪ್ ಹಚ್ಚಿ ಕಾರು ಮರಳಿಸುತ್ತಾರೆ. ಪ್ರತಿ ಸಾಲೂ ಹೀಗಿರಲಿ: ‘ಎಡ ಮುಂದಿನ ಟಯರು. ಚೆಕ್‌ಲಿಸ್ಟಿನಲ್ಲಿ 5 ಮಿ.ಮೀ. ಎಂದಿದೆ, ಇರುವುದು 2.5 ಮಿ.ಮೀ., ಫೋಟೊ 4. ಅದೇ ಆಕ್ಸಲ್ಲಿನ ಎರಡೂ ಟಯರು ಬದಲಿಸಿಕೊಡಿ.’ ಕೊನೆಗೆ ಉತ್ತರ ಬೇಕಾದ ದಿನಾಂಕ ಬರೆದು ಸೇಲ್ಸ್ ಮ್ಯಾನೇಜರಿಗೂ, ಅಪ್ರೂವ್ಡ್ ಯೋಜನೆ ನಡೆಸುವ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೂ ಒಟ್ಟಿಗೆ ಕಳಿಸಿ. ಮುದ್ರೆ ಕಂಪನಿಯದು, ಡೀಲರ್ ಅದನ್ನು ಬಳಸುವವರು ಮಾತ್ರ.

ಡೀಲರಿಗೆ ತಿಳಿಸದೆ ಹೊರಗೆ ರಿಪೇರಿ ಮಾಡಿಸಬೇಡಿ, ದೋಷದ ಸಾಕ್ಷಿಯೇ ಹೋಗುತ್ತದೆ. ಬೇಕಿದ್ದರೆ ಸ್ವತಂತ್ರ ತಜ್ಞರಿಂದ ವರದಿ ಮಾಡಿಸಿ. ಕಾರನ್ನೇ ಹಿಂತಿರುಗಿಸುವ ಮನಸ್ಸಿದ್ದರೆ ಅದನ್ನು ಮೊದಲ ಪತ್ರದಲ್ಲೇ ಸ್ಪಷ್ಟವಾಗಿ ಹೇಳಿ, ಓಡಾಟ ನಿಲ್ಲಿಸಿ. ಹಿಂತಿರುಗಿಸುತ್ತೇನೆ ಎಂದವರೇ ಸಾವಿರಾರು ಕಿ.ಮೀ. ಓಡಿಸಿದರೆ ವಾದ ಸೊರಗುತ್ತದೆ. ಇದಕ್ಕೆ ಗ್ರಾಹಕ ಕಾನೂನು ಕೊಡುವ ಗಡುವು ನಾಡಿನಿಂದ ನಾಡಿಗೆ ಬೇರೆ, ಕೆಲವೆಡೆ ಎಣಿಸಿದ ದಿನಗಳಷ್ಟೇ, ಮೊದಲು ಅದನ್ನು ತಿಳಿದುಕೊಳ್ಳಿ. ಸಾಲದ ಮೇಲೆ ಕೊಂಡಿದ್ದರೆ ಸಾಲ ಕೊಟ್ಟವರಿಗೂ ಪತ್ರದ ಪ್ರತಿ ಹೋಗಲಿ, ಕಂತನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ರಿಪೇರಿಗೆ ಒಪ್ಪಿದರೆ ಕಾರು ಬಿಡುವಾಗ ಜಾಬ್ ಕಾರ್ಡಿನಲ್ಲಿ ನಿಮ್ಮ ಪತ್ರದ ಸಾಲುಗಳೇ ಬರುವಂತೆ ನೋಡಿಕೊಳ್ಳಿ. ‘ಜನರಲ್ ಚೆಕಪ್’ ಎಂದು ಬರೆದರೆ ತಿದ್ದಿಸಿ. ಮರಳಿ ಪಡೆಯುವಾಗ ಬದಲಿಸಿದ ಹಳೇ ಪ್ಯಾಡ್, ಡಿಸ್ಕ್ ತೋರಿಸಲು ಹೇಳಿ, ಹೊಸ ಟಯರಿನ ನಾಲ್ಕು ಅಂಕಿ ಓದಿ. ಚಕ್ರ ಬಿಚ್ಚಿ ಹಾಕಿದ್ದರೆ 50–100 ಕಿ.ಮೀ. ಓಡಿಸಿ, ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಿ.